ಕನ್ನಡ ನಾಡಿನ ಮಣ್ಣೂ ಪೊಟ್ಯಾಷಿನ ಅಳತೆಯೂ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ನಾವು ಸಾಮಾನ್ಯವಾಗಿ ಕದಂಬರ ಕಾಲವನ್ನೋ ಪುಲಿಕೇಶಿಯ ಪರಾಕ್ರಮವನ್ನೋ ಓದುತ್ತೇವೆ. ಅವು ಓದತಕ್ಕವೇ ಸರಿ. ಆದರೆ ನಾಡಿಗೆ ಅರಸುಮನೆತನಗಳಿಗಿಂತ ಹಳೆಯದಾದ ಇನ್ನೊಂದು ಚರಿತ್ರೆಯಿದೆ. ಅದು ನೆಲದ ಚರಿತ್ರೆ. ಆ ನೆಲದಲ್ಲಿ ಏನಿದೆ, ಎಷ್ಟಿದೆ, ಅದರಲ್ಲಿ ಪೈರಿಗೆ ದಕ್ಕುವುದೆಷ್ಟು ಎಂದು ಅಳೆಯಲು ಮನುಷ್ಯನು ಕಲಿತದ್ದೂ ಚರಿತ್ರೆಯೇ. ಅದರ ಒಂದು ಅಧ್ಯಾಯವನ್ನು, ಪೊಟ್ಯಾಷಿನ ಅಳತೆಯ ಕಥೆಯನ್ನು, ಈ ಸಲ ವಾಚಕರ ಮುಂದಿಡಬಯಸುತ್ತೇವೆ.

ಕುರ್ಲಾದಲ್ಲಿ ಕುಳಿತವರಿಗೆ ಹೊಲದ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ತುಂಡು ಭೂಮಿಯಿದೆ. ಉಡುಪಿ, ಕಾರ್ಕಳ, ಕಾಸರಗೋಡಿನ ಕಡೆಯವರಿಗೆ ಬೈಲುಗದ್ದೆ, ತೆಂಗು, ಕಂಗು. ವಿಜಯಪುರ, ಕಲಬುರಗಿಯ ಕಡೆಯವರಿಗೆ ಎರೆಹೊಲ. ಹಾಸನ, ತುಮಕೂರಿನವರಿಗೆ ರಾಗಿ ಬೆಳೆಯುವ ಕೆಮ್ಮಣ್ಣು. ಮುಂಗಾರು ಹತ್ತಿರ ಬಂತೆಂದರೆ ಗೊಬ್ಬರಕ್ಕೆ ಹಣ ಕಳಿಸಬೇಕೆಂದು ಅಣ್ಣನಿಂದಲೋ ಚಿಕ್ಕಪ್ಪನಿಂದಲೋ ಕರೆ ಬರುತ್ತದೆ, ನಾವು ಕಳಿಸುತ್ತೇವೆ. ಆ ಹಣದಿಂದ ಕೊಳ್ಳುವ ಚೀಲ ನಮ್ಮ ನೆರೆಯಿಂದಲೇ ಹೋದದ್ದಾಗಿದ್ದರೂ ಆಶ್ಚರ್ಯವಿಲ್ಲ. ಚೆಂಬೂರಿನ ಆಚೆ ಟ್ರಾಂಬೆಯಲ್ಲಿ 1965ರಲ್ಲಿ ಆರಂಭವಾಗಿ, 1978ರಿಂದ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಜರ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಕಾರ್ಖಾನೆಯಲ್ಲಿ ‘ಸುಫಲಾ’ ತಯಾರಾಗುತ್ತದೆ. ಆ ಚೀಲದ ಮೇಲೆ 15:15:15 ಎಂದು ಮೂರು ಅಂಕಿಗಳಿರುತ್ತವೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಈ ಮೂರನೆಯ ಹದಿನೈದು ನಮ್ಮ ಹೊಲಕ್ಕೆ ಬೇಕೇ, ಬೇಡವೇ, ಬೇಕಾದರೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿದೆ. ಉತ್ತರ ಇಂದಿಗೂ ನಾವಂದುಕೊಂಡಷ್ಟು ಸರಳವಾಗಿಲ್ಲ.

ಪೊಟ್ಯಾಷ್ ಎಂಬ ಹೆಸರು ಬೂದಿಯಿಂದ ಬಂದದ್ದು. ಯುರೋಪಿನಲ್ಲಿ ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಮಡಕೆಯಲ್ಲಿ ಕುದಿಸಿ ಇಂಗಿಸಿದಾಗ ಉಳಿಯುವ ಕ್ಷಾರಕ್ಕೆ ‘ಮಡಕೆಯ ಬೂದಿ’ ಎಂಬರ್ಥದ ಆ ಹೆಸರನ್ನಿಟ್ಟರು. ನಮ್ಮ ಹಿರಿಯರಿಗೆ ಹೆಸರು ತಿಳಿದಿರಲಿಲ್ಲ, ಗುಣ ತಿಳಿದಿತ್ತು. ತುಳುನಾಡಿನಲ್ಲಿ ಸೊಪ್ಪು ತರಗೆಲೆಗಳನ್ನು ಮಣ್ಣಿನೊಡನೆ ಸುಟ್ಟು ‘ಸುಡುಮಣ್ಣು’ ಮಾಡಿ ಗದ್ದೆಗೆ ಹಾಕುತ್ತಿದ್ದರು. ತೆಂಗಿನ ಬುಡಕ್ಕೆ ಒಲೆಯ ಬೂದಿ ಸಲ್ಲುತ್ತಿತ್ತು. ಬಯಲುಸೀಮೆಯಲ್ಲಿ ತಿಪ್ಪೆಗೆ ಸಗಣಿಯ ಜೊತೆಗೆ ಬೂದಿಯೂ ಬೀಳುತ್ತಿತ್ತು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರೂರಿನ ಬೇಸಾಯವನ್ನು ಬರೆದಿಡುವಾಗ ಸಗಣಿ ಬೂದಿಗಳ ಗೊಬ್ಬರವನ್ನು ಮತ್ತೆ ಮತ್ತೆ ಗುರುತಿಸಿದ್ದಾನೆ. ಅವನ ಗ್ರಂಥ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಅದೇ ವರ್ಷ, ಅದೇ ಲಂಡನ್ನಿನಲ್ಲಿ, ಹಂಫ್ರಿ ಡೇವಿ ಪೊಟ್ಯಾಷಿನ ಮೂಲಕ ವಿದ್ಯುತ್ತನ್ನು ಹಾಯಿಸಿ ಅದರೊಳಗಿನ ಲೋಹವನ್ನು ಬೇರ್ಪಡಿಸಿದನು, ಅದೇ ಪೊಟ್ಯಾಸಿಯಮ್. ನಮ್ಮ ರೈತರ ಬೂದಿಯೂ ವಿಜ್ಞಾನಿಯ ಲೋಹವೂ ಒಂದೇ ವರ್ಷದಲ್ಲಿ ಬೆಳಕಿಗೆ ಬಂದದ್ದು ಕಾಕತಾಳೀಯ, ಆದರೂ ನೆನಪಿಡತಕ್ಕದ್ದು.

ಪೈರು ಮಣ್ಣಿನಿಂದ ಖನಿಜಗಳನ್ನು ಉಣ್ಣುತ್ತದೆಂದೂ ತೆಗೆದಷ್ಟನ್ನು ಹಿಂದಿರುಗಿಸದಿದ್ದರೆ ನೆಲ ಬರಡಾಗುತ್ತದೆಂದೂ 1840ರಲ್ಲಿ ಜರ್ಮನಿಯ ಲೀಬಿಗ್ ಸಾರಿದನು. ಆದರೆ ಆ ಮಹಾನುಭಾವನಿಗೂ ಒಂದು ಅಂಜಿಕೆಯಿತ್ತು: ನೀರಿನಲ್ಲಿ ಕರಗುವ ಪೊಟ್ಯಾಷನ್ನು ಹೊಲಕ್ಕೆ ಹಾಕಿದರೆ ಮಳೆ ಅದನ್ನು ಕೊಚ್ಚಿಕೊಂಡು ಹೋಗಲಾರದೇ? ಆದ್ದರಿಂದ ಅವನು ಪೊಟ್ಯಾಷನ್ನು ಸುಣ್ಣದೊಡನೆ ಕಾಯಿಸಿ, ಕರಗದಂತೆ ಮಾಡಿ ಮಾರಾಟಕ್ಕೆ ಕೊಡಿಸಿದನು. ಮಳೆ ಅದನ್ನು ಒಯ್ಯಲಿಲ್ಲ. ಪೈರೂ ಅದನ್ನು ಮುಟ್ಟಲಿಲ್ಲ. 1850ರಲ್ಲಿ ಇಂಗ್ಲೆಂಡಿನ ಥಾಮಸ್ ವೇ ಎಂಬ ರಸಾಯನಜ್ಞನು, ಮಣ್ಣು ಪೊಟ್ಯಾಷನ್ನೂ ಅಮೋನಿಯವನ್ನೂ ತಾನೇ ಹಿಡಿದಿಟ್ಟುಕೊಂಡು ಅವುಗಳ ಬದಲಿಗೆ ಸುಣ್ಣದ ಅಂಶವನ್ನು ಬಿಟ್ಟುಕೊಡುತ್ತದೆಂದು ಪ್ರಯೋಗದಿಂದ ತೋರಿಸಿದನು. ಈ ಕೊಡು-ಕೊಳ್ಳುವಿಕೆಯೇ ಇಂದಿನ ಮಣ್ಣು ಪರೀಕ್ಷೆಯ ತಳಹದಿ.

ಇದನ್ನು ತಿಳಿಯಲು ನಮ್ಮ ಹಳ್ಳಿಯ ಮನೆಯನ್ನೇ ನೆನೆದುಕೊಂಡರೆ ಸಾಕು. ಉತ್ತರ ಕರ್ನಾಟಕದ ಮನೆಗಳಲ್ಲಿ ನೆಲದಡಿ ಹಗೇವು, ಒಳಗೆ ಕಣಜ, ಅಡುಗೆಮನೆಯಲ್ಲಿ ಗಡಿಗೆ, ಕೊನೆಗೆ ಉಣ್ಣುವ ಎಲೆ. ಮಣ್ಣಿನಲ್ಲಿ ಪೊಟ್ಯಾಷ್ ಇರುವುದೂ ಹೀಗೆಯೇ. ಅದರ ಬಹುಪಾಲು, ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕಗಳ ಕಣಗಳಲ್ಲಿ ಸೇರಿಕೊಂಡಿರುತ್ತದೆ. ಇದು ಹಗೇವು, ಬಾಯಿ ತೆರೆಯಲು ತಲೆಮಾರುಗಳೇ ಬೇಕು. ಇನ್ನೊಂದು ಪಾಲು ಜೇಡಿಯ ಪದರಗಳ ನಡುವೆ ಸಿಕ್ಕಿಕೊಂಡು ಮೆಲ್ಲಮೆಲ್ಲನೆ ಹೊರಬರುತ್ತದೆ, ಇದು ಕಣಜ. ನೂರಕ್ಕೆ ಒಂದೋ ಎರಡೋ ಪಾಲು ಜೇಡಿಯ ಮೈಮೇಲೆ ಅಂಟಿಕೊಂಡಿದ್ದು ವಿನಿಮಯಕ್ಕೆ ಸಿದ್ಧವಾಗಿರುತ್ತದೆ, ಇದು ಗಡಿಗೆ. ಮಣ್ಣಿನ ತೇವದಲ್ಲಿ ಕರಗಿ ಬೇರಿನ ಬಾಯಿಗೆ ಬಂದು ನಿಂತ ಅತ್ಯಲ್ಪ ಭಾಗವೇ ಎಲೆಯ ಮೇಲಿನ ಅನ್ನ. ಲೆಕ್ಕ ಹೇಳುವುದಾದರೆ, ಒಂದು ಹೆಕ್ಟೇರಿನ ಮೇಲ್ಮಣ್ಣಿನ ತೂಕವನ್ನು, 15 ಸೆಂಟಿಮೀಟರು ಆಳಕ್ಕೆ, 22.4 ಲಕ್ಷ ಕಿಲೋ ಎಂದು ಹಿಡಿಯುವ ವಾಡಿಕೆಯಿದೆ. ಅದರಲ್ಲಿ ಶೇಕಡಾ ಒಂದು ಪೊಟ್ಯಾಸಿಯಮ್ ಇದ್ದರೂ 22,400 ಕಿಲೋ ಆಯಿತು. ಅಷ್ಟಿದ್ದೂ ಈ ಹಂಗಾಮಿನ ಪೈರಿಗೆ ಒದಗಿಬರುವುದು ಇನ್ನೂರು ಮುನ್ನೂರು ಕಿಲೋ ಮಾತ್ರ. ಹಗೇವು ತುಂಬಿದ ಮನೆಯಲ್ಲಿ ಮಕ್ಕಳು ಹಸಿದು ಮಲಗುವುದುಂಟು.

ಹಳೆಯ ರಸಾಯನಜ್ಞರು ಅಳೆಯುತ್ತಿದ್ದುದು ಬಹುಮಟ್ಟಿಗೆ ಹಗೇವನ್ನು. ಮಣ್ಣನ್ನು ತೀಕ್ಷ್ಣ ಆಮ್ಲದಲ್ಲಿ ಕುದಿಸಿ, ಹೊರಬಂದುದನ್ನೆಲ್ಲ ತೂಗಿ, ‘ಈ ಮಣ್ಣಿನಲ್ಲಿ ಪೊಟ್ಯಾಷ್ ಸಮೃದ್ಧವಾಗಿದೆ’ ಎಂದು ಬರೆಯುತ್ತಿದ್ದರು. ರೈತನ ಪೈರು ಅದನ್ನು ಒಪ್ಪದೆ ಸೊರಗುತ್ತಿತ್ತು. 1894ರಲ್ಲಿ ಬರ್ನಾರ್ಡ್ ಡೈಯರ್ ಎಂಬ ಇಂಗ್ಲಿಷ್ ರಸಾಯನಜ್ಞನು ಹೊಸ ದಾರಿ ಹಿಡಿದನು. ಬೇರಿನ ರಸದ ಹುಳಿ ಎಷ್ಟೆಂದು ನೂರಕ್ಕೂ ಹೆಚ್ಚು ಗಿಡಗಳಲ್ಲಿ ನೋಡಿ, ಸುಮಾರು ಅಷ್ಟೇ ಹುಳಿಯಾದ ಶೇಕಡಾ ಒಂದರ ಸಿಟ್ರಿಕ್ ಆಮ್ಲದಲ್ಲಿ, ಎಂದರೆ ನಿಂಬೆಹುಳಿಯಲ್ಲಿ, ಮಣ್ಣನ್ನು ನೆನೆಸಿ, ಕರಗಿದ್ದಷ್ಟೇ ಪೈರಿಗೆ ದಕ್ಕುವುದೆಂದನು. ತನ್ನ ಮಾತನ್ನು ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ ದಶಕಗಳಿಂದ ಬೆಳೆದ ಇಳುವರಿಯ ಲೆಕ್ಕದೊಡನೆ ಹೋಲಿಸಿಯೂ ನೋಡಿದನು. ಪರೀಕ್ಷಾಲಯದ ಅಂಕಿಗೆ ಹೊಲದ ಸಾಕ್ಷಿ ಬೇಕೆಂಬ ನಿಯಮ ಅಲ್ಲಿಂದ ಗಟ್ಟಿಯಾಯಿತು. ಅವನ ಪದ್ಧತಿ ಹಿಂದೂಸ್ಥಾನದ ಪ್ರಯೋಗಾಲಯಗಳಲ್ಲೂ ಬಹುಕಾಲ ನಡೆದುಬಂದಿತು.

ನಮ್ಮ ನಾಡಿಗೆ ಈ ವಿದ್ಯೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1889ರಲ್ಲಿ ಇಂಗ್ಲೆಂಡಿನಿಂದ ಬಂದ ಡಾ. ವೋಲ್ಕರ್ ದೇಶವನ್ನೆಲ್ಲ ಸುತ್ತಿ 1893ರಲ್ಲಿ ವರದಿ ಪ್ರಕಟಿಸಿ, ಸಗಣಿ ಒಲೆಗೆ ಹೋಗುವುದರಿಂದ ಹೊಲಕ್ಕಾಗುವ ನಷ್ಟವನ್ನು ಎತ್ತಿ ಹೇಳಿದರು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಗಳಿಗಾಗಿ ಕೊಟ್ಟರು. ಅಲ್ಲಿ ಡಾ. ಲೆಹ್ಮನ್ ಮಣ್ಣಿಗೆ ಬೆಳೆ ಹೇಗೆ ಓಗೊಡುತ್ತದೆಂಬ ಪ್ರಯೋಗಗಳನ್ನು ಆರಂಭಿಸಿದರು. 1908ರಲ್ಲಿ ಕೆನಡಾದಿಂದ ಬಂದ ಡಾ. ಲೆಸ್ಲಿ ಕೋಲ್ಮನ್ ಮುಂದೆ ಮೈಸೂರಿನ ಕೃಷಿ ನಿರ್ದೇಶಕರಾಗಿ ಆ ಕೆಲಸವನ್ನು ಬೆಳೆಸಿದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1946ರಲ್ಲಿ ಕಾಲೇಜು, ಕೊನೆಗೆ 1964ರಲ್ಲಿ ವಿಶ್ವವಿದ್ಯಾನಿಲಯ, ಹೀಗೆ ಆ ಮೂವತ್ತು ಎಕರೆ ಫಲಿಸಿತು.

ಆದರೆ ಹೆಬ್ಬಾಳ ನೋಡುತ್ತಿದ್ದುದು ಮೈಸೂರು ಸೀಮೆಯ ಕೆಮ್ಮಣ್ಣನ್ನು. ಧಾರವಾಡ, ವಿಜಯಪುರಗಳ ಎರೆಭೂಮಿ ನಾವೀಗ ಇರುವ ಈ ಮುಂಬಯಿಯ ಸರಕಾರಕ್ಕೆ ಸೇರಿತ್ತು. ಧಾರವಾಡದ ಕೃಷಿ ಕಾಲೇಜು ಹುಟ್ಟಿದ್ದು 1947ರಲ್ಲಿ, ಮುಂಬಯಿ ಪ್ರಾಂತದ ಆಡಳಿತದಲ್ಲಿಯೇ. ದಕ್ಷಿಣ ಕನ್ನಡದ ಮುರಕಲ್ಲಿನ ಮಣ್ಣು ಮದ್ರಾಸಿಗೆ ಸೇರಿತ್ತು. ಆ ಸರಕಾರ 1916ರಲ್ಲಿ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರವನ್ನು ತೆರೆಯಿತು. ರಾಯಚೂರು, ಕಲಬುರಗಿ, ಬೀದರುಗಳು ನಿಜಾಮರ ಹೈದರಾಬಾದಿನಲ್ಲಿದ್ದವು. ಒಂದೇ ನುಡಿಯಾಡುವ ಜನರ ಮಣ್ಣಿನ ಲೆಕ್ಕ ಬೇರೆ ಬೇರೆ ಸರಕಾರಗಳ ಬೇರೆ ಬೇರೆ ಕಡತಗಳಲ್ಲಿ ಹಂಚಿಹೋಗಿತ್ತು. 1956ರ ನವೆಂಬರ್ 1ರಂದು ನಾಡು ಒಂದಾದಾಗ ಜನರೊಡನೆ ಈ ಮಣ್ಣುಗಳೂ ಒಂದೇ ಸೂರಿನಡಿಗೆ ಬಂದವು. ಕಾಸರಗೋಡು ಮಾತ್ರ ಆಚೆ ಉಳಿಯಿತು. ಮುರಕಲ್ಲು ಆ ಗಡಿಯನ್ನು ಅರಿಯದು.

ಅಳೆಯುವ ಉಪಕರಣವೂ ಆ ದಶಕದಲ್ಲೇ ಬದಲಾಯಿತು. ಮೊದಲು ದ್ರಾವಣದಲ್ಲಿನ ಪೊಟ್ಯಾಷನ್ನು ಹಿಡಿಯಲು ಪ್ಲಾಟಿನಮ್ಮಿನ ಲವಣ ಬೇಕಾಗುತ್ತಿತ್ತು. ಬಂಗಾರದ ಸಾಲಿಗೆ ಸೇರಿದ ಲೋಹವನ್ನು ವ್ಯಯಿಸಿ ಬಡರೈತನ ಮಣ್ಣನ್ನು ಪರೀಕ್ಷಿಸುವುದೆಂತು? ಕೋಬಾಲ್ಟಿನ ಲವಣದಿಂದ ಹಳದಿ ಗಸಿ ತೆಗೆಯುವ ಅಗ್ಗದ ಪದ್ಧತಿ ಬಂದರೂ ಒಂದೊಂದು ಮಾದರಿಗೂ ಬಹಳ ಹೊತ್ತು ಹಿಡಿಯುತ್ತಿತ್ತು. ಪೊಟ್ಯಾಸಿಯಮ್ ಉರಿಗೆ ನೇರಿಳೆ ಬಣ್ಣ ಕೊಡುತ್ತದೆಂಬುದು ಹಿಂದೆಯೇ ಗೊತ್ತಿತ್ತು. ಆ ಬಣ್ಣದ ಪ್ರಖರತೆಯನ್ನು ಅಳೆಯುವ ಜ್ವಾಲಾಮಾಪಕ, ಎಂದರೆ ಫ್ಲೇಮ್ ಫೋಟೋಮೀಟರು, 1940ರ ದಶಕದಲ್ಲಿ ಅಮೇರಿಕದ ಪ್ರಯೋಗಾಲಯಗಳಲ್ಲಿ ರೂಢಿಗೆ ಬಂದಿತು. ದ್ರಾವಣವನ್ನು ತುಂತುರಾಗಿ ಉರಿಗೆ ಊದಿದರೆ ನಿಮಿಷದೊಳಗೆ ಅಂಕಿ ಸಿಗುತ್ತದೆ. ಭಾರತ-ಅಮೇರಿಕ ಒಪ್ಪಂದದ ನೆರವಿನಿಂದ 1955-56ರಲ್ಲಿ ದೇಶದಲ್ಲಿ ಮಣ್ಣು ಪರೀಕ್ಷಾಲಯಗಳು ಆರಂಭವಾದವು.

ಇಂದಿಗೂ ನಡೆಯುವ ಪರೀಕ್ಷೆ ಹೀಗಿದೆ. ಒಣಗಿಸಿ ಜರಡಿಯಾಡಿದ ಮಣ್ಣು 5 ಗ್ರಾಂ. ಅದಕ್ಕೆ ಹುಳಿಯೂ ಕ್ಷಾರವೂ ಅಲ್ಲದ ಅಮೋನಿಯಂ ಅಸಿಟೇಟ್ ದ್ರಾವಣ 25 ಮಿಲಿಲೀಟರು. ಐದು ನಿಮಿಷ ಕುಲುಕಿ, ಸೋಸಿ, ಜ್ವಾಲಾಮಾಪಕಕ್ಕೆ ಕೊಡುವುದು. ಅಮೋನಿಯವೇ ಏಕೆ? ಅದರ ಅಯಾನಿನ ಗಾತ್ರವೂ ವಿದ್ಯುದಂಶವೂ ಹೆಚ್ಚುಕಡಿಮೆ ಪೊಟ್ಯಾಸಿಯಮ್ಮಿನದರಷ್ಟೇ. ಕುರ್ಲಾ ನಿಲ್ದಾಣದಲ್ಲಿ ಬೆಳಗಿನ ಲೋಕಲ್ಲಿಗೆ ನುಗ್ಗುವ ಜನದಂತೆ ಅಮೋನಿಯದ ದಂಡು ಬಂದು ಜೇಡಿಯ ಮೈಮೇಲೆ ಕುಳಿತ ಪೊಟ್ಯಾಷನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಪದರಗಳ ಒಳಗೆ ಸಿಕ್ಕಿಕೊಂಡದ್ದನ್ನು ಮಾತ್ರ ಅದು ಎಬ್ಬಿಸಲಾರದು. ಹೊರಬಂದ ದ್ರಾವಣದಲ್ಲಿ ದಶಲಕ್ಷಕ್ಕೆ 15 ಭಾಗವೆಂದು ಮಾಪಕ ತೋರಿಸಿತೆನ್ನೋಣ; ಐದರಿಂದ ಗುಣಿಸಿದರೆ ಮಣ್ಣಿನ ಪ್ರತಿ ಕಿಲೋದಲ್ಲಿ 75 ಮಿಲಿಗ್ರಾಂ; 2.24ರಿಂದ ಗುಣಿಸಿದರೆ ಹೆಕ್ಟೇರಿಗೆ 168 ಕಿಲೋ. ರೈತನ ಕೈಗೆ ಬರುವ ಅಂಕಿ ಇದೇ.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಹಗೇವು, ಕಣಜ, ಗಡಿಗೆ, ಎಲೆಗಳ ಪೈಕಿ ಈ ಪರೀಕ್ಷೆ ಅಳೆದದ್ದು ಕೊನೆಯ ಎರಡನ್ನು ಮಾತ್ರ. ಕಣಜವನ್ನು ಅಳೆಯಲು ಮಣ್ಣನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸುವ ಬೇರೆ ಪರೀಕ್ಷೆಯಿದೆ. ರೈತರ ಮಾದರಿಗಳಿಗೆ ಅದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಆದ್ದರಿಂದ 168 ಎಂಬ ಒಂದೇ ಅಂಕಿಗೆ ನಮ್ಮ ನಾಡಿನ ಬೇರೆ ಬೇರೆ ಮಣ್ಣುಗಳಲ್ಲಿ ಬೇರೆ ಬೇರೆ ಅರ್ಥವಿದೆ. ವಿಜಯಪುರದ ಎರೆಮಣ್ಣಿನ ಜೇಡಿ ಪೊಟ್ಯಾಷನ್ನು ಬಿಗಿಯಾಗಿ ಹಿಡಿಯುತ್ತದೆ. ಗಡಿಗೆಯಲ್ಲಿ 168 ಇದ್ದರೂ ಎಲೆಗೆ ಬೀಳುವುದು ಕಡಿಮೆ. ಆದರೆ ಹಿಂದೆ ಕಣಜವಿದ್ದು ಬರಿದಾದದ್ದನ್ನು ತುಂಬಿಕೊಡುತ್ತಿರುತ್ತದೆ. ಉಡುಪಿಯ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ. ಅಲ್ಲಿಯ ಜಂಬಿಟ್ಟಿಗೆ ಮಣ್ಣಿನ ಹಿಡಿತ ಸಡಿಲ. ಗಡಿಗೆಯಲ್ಲಿದ್ದುದು ಪೈರಿಗೆ ಸುಲಭವಾಗಿ ಸಿಗುತ್ತದೆ, ಆಷಾಢದ ಮಳೆಗೂ ಅಷ್ಟೇ ಸುಲಭವಾಗಿ ಸಿಗುತ್ತದೆ. ಹಿಂದೆ ಕಣಜವೆಂಬುದು ಬಹಳವಿಲ್ಲ. ಲೀಬಿಗ್ ಅಂಜಿದ್ದು ಎರೆಹೊಲಕ್ಕೆ ಸಲ್ಲದಿದ್ದರೂ ತುಳುನಾಡಿನ ಬೆಟ್ಟುಗದ್ದೆಗೆ ತಕ್ಕಮಟ್ಟಿಗೆ ಸಲ್ಲುತ್ತದೆ. ಅಲ್ಲಿಯ ತೆಂಗಿಗೆ ಮರವೊಂದಕ್ಕೆ ವರ್ಷಕ್ಕೆ 1,200 ಗ್ರಾಂ ಪೊಟ್ಯಾಷನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡಬೇಕೆನ್ನುವುದರ ಮರ್ಮವೂ ಇದೇ.

ಅಂಕಿಗೆ ಅರ್ಥ ಬರಬೇಕಾದರೆ ಆಯಾ ಮಣ್ಣಿನಲ್ಲಿಯೇ ಬೆಳೆ ಬೆಳೆದು ನೋಡಬೇಕು. ಡೈಯರ್ ತೋರಿಸಿದ ದಾರಿ ಅದೇ. ಡಾ. ಬಿ. ರಾಮಮೂರ್ತಿಯವರ ಮುಂದಾಳುತನದಲ್ಲಿ 1967-68ರಲ್ಲಿ ಇದಕ್ಕಾಗಿ ಅಖಿಲ ಭಾರತ ಯೋಜನೆಯೊಂದು ಆರಂಭವಾಯಿತು. ಹೊಲದ ತಾಕುಗಳಲ್ಲಿ ಬೇಕೆಂದೇ ಫಲವತ್ತತೆಯ ಏರಿಳಿತವನ್ನುಂಟುಮಾಡಿ, ಮಣ್ಣಿನ ಅಂಕಿ ಇಷ್ಟಿದ್ದಾಗ ಇಷ್ಟು ಇಳುವರಿಗೆ ಎಷ್ಟು ಗೊಬ್ಬರ ಎಂಬ ಸೂತ್ರವನ್ನು ಬೆಳೆ ಬೆಳೆಗೂ ಮಣ್ಣು ಮಣ್ಣಿಗೂ ಬೇರೆ ಬೇರೆಯಾಗಿ ಕಟ್ಟುವುದು ಅದರ ಗುರಿ. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಬೆಂಗಳೂರಿನ ಕೆಮ್ಮಣ್ಣಿನಲ್ಲೇ ರಾಗಿ, ಮುಸುಕಿನ ಜೋಳಗಳ ಮೇಲೆ ನಡೆದುಬಂದ ದೀರ್ಘಕಾಲದ ಗೊಬ್ಬರ ಪ್ರಯೋಗದಲ್ಲಿ, ಪೊಟ್ಯಾಷನ್ನು ಬಿಟ್ಟು ಸಾರಜನಕ ರಂಜಕಗಳನ್ನಷ್ಟೇ ಕೊಟ್ಟ ತಾಕುಗಳು ವರ್ಷ ಕಳೆದಂತೆ ಹಿಂದೆ ಬಿದ್ದವು. ಒಂದು ಹಂಗಾಮಿನಲ್ಲಿ ಕಾಣದ ಕೊರತೆ ಹಲವು ಹಂಗಾಮುಗಳಲ್ಲಿ ಕಾಣುತ್ತದೆ. ಎರೆಭೂಮಿಯಲ್ಲಿ ಅಪಾಯ ಇನ್ನೊಂದು ಬಗೆಯದು: ಗಡಿಗೆ ಬರಿದಾದಂತೆಲ್ಲ ಕಣಜ ಅದನ್ನು ತುಂಬುವುದರಿಂದ ಪರೀಕ್ಷೆಯ ಅಂಕಿ ವರ್ಷಾನುಗಟ್ಟಲೆ ಇಳಿಯದಂತೆಯೇ ತೋರಬಹುದು, ಒಳಗೆ ಕಣಜ ತಳ ಕಾಣುತ್ತಿರುತ್ತದೆ.

ಇನ್ನೊಂದು ತೊಡಕು ಹಳೆಯ ರಸಾಯನಜ್ಞರು ಬಿಟ್ಟುಹೋದದ್ದು. ಅವರು ಪ್ರತಿಯೊಂದು ಧಾತುವನ್ನೂ ಆಮ್ಲಜನಕದೊಡನೆ ಕೂಡಿದ ಆಕ್ಸೈಡಿನ ರೂಪದಲ್ಲಿ ಲೆಕ್ಕ ಹಾಕುತ್ತಿದ್ದರು. ಚೀಲದ ಮೇಲಿನ ಹದಿನೈದು ಇಂದಿಗೂ ಪೊಟ್ಯಾಸಿಯಮ್ ಆಕ್ಸೈಡಿನ ಲೆಕ್ಕವೇ ಹೊರತು ಪೊಟ್ಯಾಸಿಯಮ್ಮಿನದಲ್ಲ. ಸುಫಲಾದ 50 ಕಿಲೋ ಚೀಲದಲ್ಲಿ ಆಕ್ಸೈಡಿನ ಲೆಕ್ಕದಲ್ಲಿ 7.5 ಕಿಲೋ ಇದ್ದರೆ ಧಾತುವಿನ ಲೆಕ್ಕದಲ್ಲಿ ಸುಮಾರು 6.2 ಕಿಲೋ. ಮೇಲೆ ಹೇಳಿದ 168 ಕಿಲೋ ಆಕ್ಸೈಡಿನ ಲೆಕ್ಕದಲ್ಲಿ ಸುಮಾರು 202 ಆಗುತ್ತದೆ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಆಕ್ಸೈಡಿನ ಲೆಕ್ಕದಲ್ಲಿ ಹೆಕ್ಟೇರಿಗೆ 144 ಕಿಲೋಗಿಂತ ಕೆಳಗಿದ್ದರೆ ಕಡಿಮೆ, 336ರವರೆಗೆ ಮಧ್ಯಮ, ಅದಕ್ಕೂ ಮೇಲಾದರೆ ಹೆಚ್ಚು ಎನ್ನುತ್ತಾರೆ. ಒಂದು ಲೆಕ್ಕದ ಅಂಕಿಯನ್ನು ಇನ್ನೊಂದು ಲೆಕ್ಕದ ಪಟ್ಟಿಗೆ ಹಿಡಿದು ನೋಡಿದವನು ಮಧ್ಯಮವನ್ನು ಕಡಿಮೆಯೆಂದು ಎಣಿಸಿ ಹಣ ಕಳೆದುಕೊಂಡಾನು.

ಹಣದ ಮಾತು ಸಣ್ಣದಲ್ಲ. ನಮ್ಮ ದೇಶ ಪೊಟ್ಯಾಷ್ ಗೊಬ್ಬರಕ್ಕಾಗಿ ಕೆನಡಾ, ರಷ್ಯ, ಬೆಲಾರೂಸ್, ಜೋರ್ಡಾನ್, ಇಸ್ರೇಲ್ ಮುಂತಾದ ಪರದೇಶಗಳ ಮುಖ ನೋಡಬೇಕಾಗಿದೆ. 2010ರ ಏಪ್ರಿಲ್ 1ರಿಂದ ಪೋಷಕಾಂಶದ ಲೆಕ್ಕದಲ್ಲಿ ಸಹಾಯಧನ ಕೊಡುವ ಪದ್ಧತಿ ಬಂದು ಯೂರಿಯಾ ಅದರ ಹೊರಗುಳಿದಾಗ, ಮುಂದಿನ ಎರಡು ಮೂರು ವರ್ಷಗಳಲ್ಲಿ ಪೊಟ್ಯಾಷಿನ ಬೆಲೆ ಬಹಳ ಏರಿತು. ರೈತರು ಕೈ ಹಿಡಿದರು. ಬೇಕಾದಲ್ಲಿ ಹಾಕದಿದ್ದರೆ ನೆಲಕ್ಕೆ ನಷ್ಟ, ಬೇಡವಾದಲ್ಲಿ ಹಾಕಿದರೆ ಮನೆಗೆ ನಷ್ಟ. ಇವೆರಡರ ನಡುವೆ ದಾರಿ ತೋರಿಸಲೆಂದು 2015ರ ಫೆಬ್ರವರಿ 19ರಂದು ಕೇಂದ್ರ ಸರಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿತು. ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ, ಪೊಟ್ಯಾಷ್ ಅವುಗಳಲ್ಲೊಂದು. ಆದರೆ ಮೊದಲ ಸುತ್ತುಗಳಲ್ಲಿ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದೊಂದು ಮಾದರಿ ತೆಗೆಯುವ ಕ್ರಮವಿತ್ತು. ಹತ್ತು ಹೆಕ್ಟೇರೆಂದರೆ ಸುಮಾರು ಇಪ್ಪತ್ತೈದು ಎಕರೆ. ಅಷ್ಟರಲ್ಲಿ ಎಷ್ಟು ಮನೆಗಳ ಹೊಲ, ಎಷ್ಟು ಬಗೆಯ ಮಣ್ಣು ಬರಬಹುದೆಂಬುದನ್ನು ಊರು ಕಂಡ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ನಮ್ಮ ಹೆಸರಿನ ಚೀಟಿಯಲ್ಲಿ ನೆರೆಯವನ ಹೊಲದ ಮಣ್ಣು ಮಾತನಾಡುತ್ತಿರಬಹುದು.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಅಳತೆ ಸುಳ್ಳಲ್ಲ; ಆದರೆ ಅದು ಕೇಳಿದ ಪ್ರಶ್ನೆಗಷ್ಟೇ ಉತ್ತರ ಹೇಳುತ್ತದೆ. ಲೆಹ್ಮನ್ನರ ಕಾಲದಿಂದ ಇಂದಿನವರೆಗೆ ಹೆಬ್ಬಾಳದಲ್ಲಿ, ಕಾಸರಗೋಡಿನಲ್ಲಿ, ಧಾರವಾಡದಲ್ಲಿ ದುಡಿದವರು ಅಂಕಿಯನ್ನು ಹೊಲದ ಪಕ್ಕದಲ್ಲಿಟ್ಟು ಓದಿದರು. ನಾವೂ ಹಾಗೆಯೇ ಓದಬೇಕು.

ರಜೆಗೆ ಊರಿಗೆ ಹೋದಾಗ ಮಾಡಬಹುದಾದ ಕೆಲಸ ಅರ್ಧ ದಿನದ್ದು. ಬಿತ್ತನೆಗೆ ಮುಂಚೆ, ಗೊಬ್ಬರ ಹಾಕುವುದಕ್ಕೂ ಮುಂಚೆ, ಬದುವನ್ನೂ ಮರದ ಬುಡವನ್ನೂ ತಿಪ್ಪೆಯ ಮಗ್ಗುಲನ್ನೂ ಬೂದಿ ಬಿದ್ದ ಜಾಗವನ್ನೂ ಬಿಟ್ಟು, ಹೊಲದ ಹತ್ತು ಹದಿನೈದು ಕಡೆ ಗೇಣುದ್ದ ಗುಳಿ ತೋಡಿ ಅಂಚಿನ ಮಣ್ಣನ್ನು ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತ ಬಂದು, ಅರ್ಧ ಕಿಲೋ ಉಳಿಸಿ ನೆರಳಿನಲ್ಲಿ ಒಣಗಿಸಬೇಕು. ಹಳೆಯ ಗೊಬ್ಬರದ ಚೀಲದಲ್ಲಿ ತುಂಬಲೇಬಾರದು. ಫಲಿತಾಂಶ ಬಂದಾಗ ಅದು ಧಾತುವಿನ ಲೆಕ್ಕವೋ ಆಕ್ಸೈಡಿನ ಲೆಕ್ಕವೋ ಎಂದು ಕೇಳಿ ತಿಳಿಯಬೇಕು. ಭತ್ತದ ಪೈರು ಹೀರಿದ ಪೊಟ್ಯಾಷಿನ ಬಹುಭಾಗ ಕಾಳಿನಲ್ಲಿಲ್ಲ, ಹುಲ್ಲಿನಲ್ಲಿದೆ. ಹುಲ್ಲು ಮಾರಿದವನು ಅದನ್ನೂ ಮಾರಿದಂತಾಯಿತೆಂದು ಮನೆಯವರಿಗೆ ತಿಳಿಸಬೇಕು. ಚೀಟಿಯನ್ನು ಓದಿ ಎಸೆಯದೆ ವರ್ಷವನ್ನು ಬರೆದು ಹೊಲದ ಕಾಗದಪತ್ರಗಳ ಜೊತೆಗೆ ಇಡಬೇಕು. ಹತ್ತು ವರ್ಷಗಳ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದರೆ ನಮ್ಮ ಹೊಲ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಮುಂದಿನ ಮುಂಗಾರಿಗೆ ಊರಿಗೆ ಎಷ್ಟು ಹಣ ಕಳಿಸಬೇಕೆಂಬುದೂ ತಿಳಿಯುತ್ತದೆ.